ಹಾವೇರಿಯಲ್ಲಿರುವ ತಮ್ಮ ಮತ್ತು ಎರಡು ಅಲ್ಪವಿರಾಮಗಳು

ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದ ಕೆಲವು ವರ್ಷಗಳ ನಂತರ ನಾನು ವಕೀಲರಿಗಾಗಿ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸತೊಡಗಿದೆ. ಒಂದು ವಾಟ್ನಿ ದಾವೆಯಲ್ಲಿ 'ಹಾವೇರಿಯಲ್ಲಿರುವ ವಾದಿಯ ತಮ್ಮನು ಸಹಿ ಮಾಡಿದ್ದಾನೆ' ಎಂಬ ವಾಕ್ಯವನ್ನು 'ದಿ ಪ್ಲೇಂಟಿಫ್ಸ್ ಬ್ರದರ್ ಹೂ ಲಿವ್ಸ್ ಇನ್ ಹಾವೇರಿ' ಎಂದು ಅಲ್ಪವಿರಾಮವಿಲ್ಲದೆ ಬರೆದುಕೊಟ್ಟಿದ್ದೆ. ಅದನ್ನು ಓದಿದ ಹಿರಿಯ ವಕೀಲರು, "ವಾದಿಗೆ ತಮ್ಮಂದಿರು ಎಷ್ಟು ಮಂದಿ ಇದ್ದಾರ್ರೀ?" ಎಂದು ಕೇಳಿದರು. ಇದ್ದವನು ಒಬ್ಬನೇ. ನನ್ನ ವಾಕ್ಯವಾದರೋ ಬೇರೆ ಊರುಗಳಲ್ಲಿಯೂ ತಮ್ಮಂದಿರಿದ್ದಾರೆಂಬ ಅರ್ಥ ಕೊಡುತ್ತಿತ್ತು. ಹಕ್ಕುದಾರರ ಸಂಖ್ಯೆಯ ಮೇಲೆಯೇ ಪಾಲು ನಿರ್ಧಾರವಾಗುವ ದಾವೆಯಲ್ಲಿ ಇದು ಸಣ್ಣ ತಪ್ಪಲ್ಲ.

ಕನ್ನಡದಲ್ಲಿ 'ಇರುವ', 'ಬರೆದ' ಎಂಬ ಕೃದಂತಗಳು ನಾಮಪದಕ್ಕಿಂತ ಮೊದಲೇ ಬರುತ್ತವೆ. ತಮ್ಮ ಒಬ್ಬನಿರಲಿ, ಮೂವರಿರಲಿ, ಬರವಣಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇಂಗ್ಲಿಷ್ ಆ ಲೆಕ್ಕವನ್ನು ಅಲ್ಪವಿರಾಮದಲ್ಲಿ ಹೇಳಿಸುತ್ತದೆ. ಅಂದಿನಿಂದ ಇಂತಹ ವಾಕ್ಯ ಬಂದಾಗಲೆಲ್ಲ ನಾನು ಅದನ್ನು ಮೊದಲು ಕನ್ನಡದಲ್ಲಿಯೇ ಒಡೆದು ನೋಡುತ್ತೇನೆ: 'ವಾದಿಗೆ ಒಬ್ಬನೇ ತಮ್ಮ, ಅವನು ಹಾವೇರಿಯಲ್ಲಿದ್ದಾನೆ.' ಹೀಗೆ ಒಡೆದರೂ ಯಾರೆಂಬುದು ಸ್ಪಷ್ಟವಾಗಿದ್ದರೆ, 'ಹೂ'ದಿಂದ ಆರಂಭವಾಗುವ ಉಪವಾಕ್ಯದ ಎರಡೂ ಬದಿಗೆ ಅಲ್ಪವಿರಾಮ ಹಾಕುತ್ತೇನೆ. ಎರಡನೆಯದನ್ನು ಮರೆಯುವವರೇ ಹೆಚ್ಚು, ನಾನೂ ಬಹಳ ದಿನ ಮರೆಯುತ್ತಿದ್ದೆ. ವಸ್ತುವಿನ ವಿಷಯವಾದರೆ ಅಲ್ಪವಿರಾಮದ ನಂತರ 'ವಿಚ್' ಬಳಸಬೇಕು, 'ದ್ಯಾಟ್' ಸಲ್ಲದು.

'ಎ', 'ದಿ' ಎಂಬ ಆರ್ಟಿಕಲ್ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಉಪವಾಕ್ಯ ಬಂದರೆ ನಾಮಪದಕ್ಕೆ 'ದಿ' ಕಡ್ಡಾಯವೆಂದು ನಾನು ನಂಬಿದ್ದೆ. 'ತಂದೆ ತೋಡಿಸಿದ ಬಾವಿ' ಎಂಬುದನ್ನು 'ದಿ ವೆಲ್ ದ್ಯಾಟ್ ದಿ ಫಾದರ್ ಡಗ್' ಎಂದು ಬರೆದರೆ, ಆತ ತೋಡಿಸಿದ್ದು ಒಂದೇ ಬಾವಿ ಅಥವಾ ಓದುಗನಿಗೆ ಆಗಲೇ ಗೊತ್ತಿರುವ ಬಾವಿ ಎಂದಾಗುತ್ತದೆ. ಅಷ್ಟೇ ಅಲ್ಲ, ತಂದೆ ತಾನೇ ಗುದ್ದಲಿ ಹಿಡಿದನೆಂಬ ಅರ್ಥವೂ ಬರುತ್ತದೆ, ಆದ್ದರಿಂದ ಈಗ 'ಗಾಟ್ ಡಗ್' ಎಂದು ಬರೆಯುತ್ತೇನೆ. ಹೊಲದಲ್ಲಿ ಆತ ಎರಡು ಬಾವಿ ತೋಡಿಸಿದ್ದು, ಅವುಗಳಲ್ಲೊಂದನ್ನು ಮೊದಲ ಬಾರಿಗೆ ಪ್ರಸ್ತಾಪಿಸುವಾಗ 'ಎ ವೆಲ್' ಎನ್ನಬೇಕು. ಮುಂದಿನ ವಾಕ್ಯದಲ್ಲಿ ಅದೇ ಬಾವಿ 'ದಿ ವೆಲ್' ಆಗುತ್ತದೆ.

ಉತಾರದಲ್ಲಿ (ಜಮೀನಿನ ಹಕ್ಕು ದಾಖಲೆಯಲ್ಲಿ) ಇಂತಹ ಲೆಕ್ಕ ಸಿಗದಿದ್ದರೆ ನಾನು ಊಹಿಸುವುದಿಲ್ಲ; ಕಕ್ಷಿದಾರರಿಗೆ ಫೋನ್ ಮಾಡಿ, ಬಾವಿ ಎಷ್ಟು, ತಮ್ಮಂದಿರು ಎಷ್ಟು ಎಂದು ಕೇಳಿಕೊಂಡ ಮೇಲೆಯೇ ಆ ಸಾಲನ್ನು ಬರೆಯುತ್ತೇನೆ.