ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ಎಳೆಯಲಿಲ್ಲ

ಗಂಗಾವತಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕಾಲುವೆ ದಂಡೆಯ ಪಂಪ್‌ಸೆಟ್, ರೈಸ್ ಮಿಲ್ಲಿನ ಮೋಟರ್, ಮನೆಯ ಮಿಕ್ಸಿ, ಸುಟ್ಟದ್ದೆಲ್ಲ ನನ್ನ ಟೇಬಲ್‌ಗೆ ಬರುತ್ತದೆ. ಕಾರು ರಿಪೇರಿ ನನ್ನ ಕಸುಬಲ್ಲ. ಆದರೆ ನಮ್ಮಪ್ಪ ಕೊಂಡ 1999ರ ಮಾರುತಿ 800 ಇನ್ನೂ ಮನೆಯಲ್ಲಿದೆ. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್ ಗಾಡಿ. ಅಪ್ಪ ಹೋದ ಮೇಲೆ ಅದನ್ನು ಮಾರಲು ಮನಸ್ಸಾಗಲಿಲ್ಲ. ಅದರ ಸೆಲ್ಫ್, ಅಂದರೆ ಕೀ ತಿರುಗಿಸಿದಾಗ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್, ನಿಧಾನವಾದಾಗ ನಾನೇ ಕೂತು ಹುಡುಕಿದೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಅಳತೆ ಸಮೇತ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಒಂದು ಶನಿವಾರ ಅಂಜನಾದ್ರಿಗೆ ಹೋಗಿದ್ದೆವು. ತಂಗಿ, ಮಕ್ಕಳು 575 ಮೆಟ್ಟಿಲು ಹತ್ತಿ ಇಳಿದು ಬರುವವರೆಗೂ ಗಾಡಿ ಬಿಸಿಲಲ್ಲೇ ನಿಂತಿತ್ತು. ಅವ್ವನನ್ನು ಕೂರಿಸಿ ಕೀ ತಿರುಗಿಸಿದೆ. ದಿನಾ 'ಚರ್‌ರ್ರ್' ಅಂತ ಒಂದೇ ಸಮ ಬರುವ ಸದ್ದು ಅವತ್ತು 'ಗುಂ... ಗುಂ... ಗುಂ' ಅಂತ ಬಂತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಪ್ರತಿ ಗುಂಗೂ ಮಂಕಾಗುತ್ತಿತ್ತು. ಆಮೇಲೆ ಅದೂ ನಿಂತಿತು. ದರ್ಶನಕ್ಕೆ ಬಂದಿದ್ದ ನಾಲ್ಕು ಹುಡುಗರು ದಬ್ಬಿಕೊಟ್ಟರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ತಕ್ಷಣ ಸ್ಟಾರ್ಟ್ ಆಯಿತು. ಅಂದರೆ ಪೆಟ್ರೋಲ್, ಕರೆಂಟು, ಎಂಜಿನ್ ಎಲ್ಲ ಸರಿ ಇವೆ, ತಿರುಗಿಸುವ ಶಕ್ತಿ ಮಾತ್ರ ಸಾಲುತ್ತಿಲ್ಲ. ಇಷ್ಟು ಅಲ್ಲೇ ತಿಳಿಯಿತು.

ಬ್ಯಾಟರಿ ಅಂಗಡಿಯಲ್ಲಿ ತೋರಿಸಿದೆ. "ಬ್ಯಾಟ್ರಿ ಹೋಗೇತ್ರಿ, ಹೊಸಾದು ಹಾಕಿಬಿಡ್ರಿ" ಅಂದರು. ನಾಲ್ಕು ವರ್ಷದ ಬ್ಯಾಟರಿ, ನನಗೂ ಹೌದೆನಿಸಿತು. ಮೂರೂವರೆ ಸಾವಿರ ಕೊಟ್ಟು ಹಾಕಿಸಿದೆ. ಮೂರು ವಾರ ಚೆನ್ನಾಗಿ ಎಳೆಯಿತು. ಆಮೇಲೆ ಮತ್ತೆ ಅದೇ ಗುಂ ಗುಂ. ಹೊಸ ಬ್ಯಾಟರಿ ಜೋರಾಗಿ ತಳ್ಳುವುದರಿಂದ ದಾರಿಯಲ್ಲಿರುವ ತಪ್ಪು ಕೆಲವು ದಿನ ಮುಚ್ಚಿಹೋಗುತ್ತದೆ, ಅಷ್ಟೇ. ಈ ಸಲ ಇನ್ನೊಬ್ಬರು "ಸೆಲ್ಫೇ ಹೋಗೇತಿ, ಬ್ಯಾರೇದು ಕುಂದ್ರಿಸೂಣು" ಅಂದರು. ಅಲ್ಲಿಗೆ ನಾನು ತಡೆದೆ.

ಯಾಕೆ ಅಂದ್ರೆ, ಇದೇ ತಪ್ಪನ್ನು ನನ್ನ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ರೈತರು ಬಂದು "ಅಣ್ಣಾರ, ಈ ಮೋಟರ್ ಮೂರನೇ ಸಲ ಸುಟ್ಟೈತ್ರಿ, ನಿಮ್ಮ ವೈಂಡಿಂಗ್ ಸರಿ ಇಲ್ಲೇನ್ರಿ?" ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಪಂಪ್ ಎಷ್ಟು ದೂರ, ಕೇಬಲ್ ಎಷ್ಟು ದಪ್ಪ, ಜಾಯಿಂಟ್ ಎಷ್ಟು ಕಡೆ ಇದೆ ಅಂತ. ಮೋಟರ್ ನಿಂತಾಗ ನೋಡಿದರೆ ಬಾಕ್ಸಿನಲ್ಲಿ 400 ವೋಲ್ಟ್ ತೋರಿಸುತ್ತದೆ. ಓಡಿಸಿ ನೋಡಿ, 330ಕ್ಕೆ ಬಿದ್ದಿರುತ್ತದೆ. ಉಳಿದದ್ದು ಸಣ್ಣ ಕೇಬಲ್ಲಿನಲ್ಲಿ, ಸುಟ್ಟ ಜಾಯಿಂಟಿನಲ್ಲಿ ಬಿಸಿಯಾಗಿ ಹೋಗಿರುತ್ತದೆ. ವೋಲ್ಟೇಜ್ ನೋಡಬೇಕಾದದ್ದು ಕೆಲಸ ಮಾಡುವಾಗ, ಸುಮ್ನೆ ನಿಂತಾಗ ಅಲ್ಲ. ಕಾರಿನ ಸೆಲ್ಫೂ ಒಂದು ಮೋಟರ್ ತಾನೇ?

ಮರುದಿನ ಭಾನುವಾರ. ಅಂಗಡಿ ಹುಡುಗನನ್ನು ಕೀ ಹತ್ತಿರ ಕೂರಿಸಿದೆ. ಕೈಯಲ್ಲಿದ್ದ ಉಂಗುರ ತೆಗೆದಿಟ್ಟೆ. ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕರೆ ಬೆರಳು ಉಳಿಯುವುದಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ಪ್ಲಸ್ ವೈರ್ ಬಿಚ್ಚಿದೆ. ಇದರಿಂದ ಎರಡು ಲಾಭ. ಎಂಜಿನ್ ಹತ್ತಿಕೊಳ್ಳದೆ ಅಳತೆಗೆ ಸಮಯ ಸಿಗುತ್ತದೆ. ಜತೆಗೆ, ಟೈಮಿಂಗ್ ಮುಂದಾಗಿ ಎಂಜಿನ್ ಹಿಂದಕ್ಕೆ ಒದೆಯುತ್ತಿದ್ದರೂ ಸೆಲ್ಫ್ ತಡೆತಡೆದು ತಿರುಗುತ್ತದೆ. ಕಾಯಿಲ್ ಬಿಚ್ಚಿದ ಮೇಲೂ ನಿಧಾನವೇ ಇದ್ದರೆ ಅದು ಟೈಮಿಂಗ್ ಅಲ್ಲ. ನನ್ನದು ನಿಧಾನವೇ ಇತ್ತು. ಒಂದು ಸಲಕ್ಕೆ ಐದಾರು ಸೆಕೆಂಡ್ ಹೊಡೆಸಿ, ಎರಡು ನಿಮಿಷ ಬಿಡುತ್ತಿದ್ದೆ. ಸೆಲ್ಫ್ ಮೋಟರ್ ಸ್ವಲ್ಪ ಹೊತ್ತಿನ ಕೆಲಸಕ್ಕೆ ಮಾಡಿದ್ದು, ಬಿಡುವು ಕೊಡದಿದ್ದರೆ ಸುಡುತ್ತದೆ.

ಮೀಟರ್ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್. ಡಿಸಿ 20 ವೋಲ್ಟ್‌ಗೆ ಇಟ್ಟೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿದ ಮೇಲೆ ಬ್ಯಾಟರಿ 12.6 ತೋರಿಸಿತು. ಫುಲ್ ಚಾರ್ಜ್ ಇದ್ದಂತೆಯೇ. "ಹೊಡಿಯೋ" ಅಂದೆ. ಬ್ಯಾಟರಿಯ ಸೀಸದ ಗುಬುಟಿನ ಮೇಲೇ ಮೀಟರ್ ವೈರಿನ ತುದಿಯ ಮುಳ್ಳು ಇಟ್ಟು ನೋಡಿದರೆ 10.6. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಇದು ಗಟ್ಟಿಯಾಗಿದೆ.

ಈಗ ಸೆಲ್ಫ್ ಹತ್ತಿರ. ದಪ್ಪ ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೆ ಒಂದು ಮುಳ್ಳು, ಸೆಲ್ಫಿನ ಮೈಮೇಲೆ ಇನ್ನೊಂದು. ಹೊಡೆಸಿದರೆ 8.9. ಬ್ಯಾಟರಿ ಕೊಡುತ್ತಿರುವುದು 10.6, ಮೋಟರಿಗೆ ಮುಟ್ಟುತ್ತಿರುವುದು 8.9. ಮೊಳದುದ್ದದ ದಾರಿಯಲ್ಲಿ 1.7 ವೋಲ್ಟ್ ಎಲ್ಲೋ ಸೋರುತ್ತಿದೆ!

ಸೋರಿಕೆ ಎಲ್ಲಿ ಅಂತ ಹಿಡಿಯುವ ಉಪಾಯ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೀಟರನ್ನು ಪ್ಲಸ್ ಮೈನಸ್ ನಡುವೆ ಇಡಬೇಡಿ. ಒಂದೇ ವೈರಿನ ಎರಡು ತುದಿಗೆ ಇಡಿ. ವೈರ್ ಚೆನ್ನಾಗಿದ್ದರೆ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇರುತ್ತದೆ, ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಎಷ್ಟು ತೋರಿಸುತ್ತದೋ ಅಷ್ಟು ಅಲ್ಲೇ ಕಳೆದುಹೋಗುತ್ತಿದೆ ಅಂತ ಲೆಕ್ಕ. ಆದರೆ ಸೆಲ್ಫ್ ತಿರುಗುತ್ತಿರುವಾಗಲೇ ನೋಡಬೇಕು. ಕೆಲವರು ಓಮ್ಸ್‌ನಲ್ಲಿ ಇಟ್ಟು, "ಸೊನ್ನೆ ಬಂತು, ವೈರ್ ಸರಿ ಐತಿ" ಅನ್ನುತ್ತಾರೆ. ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಓಮ್ಸ್ ಸೊನ್ನೆಯೇ ಬರುತ್ತದೆ. ಸೆಲ್ಫ್ ಎಳೆಯುವುದು 100 ಆಂಪ್ಸ್‌ಗಿಂತ ಜಾಸ್ತಿ. 0.01 ಓಮ್ಸ್ ತಡೆ ಇದ್ದರೂ 100 ಆಂಪ್ಸ್‌ಗೆ ಒಂದು ವೋಲ್ಟ್ ಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ನಮ್ಮ ನಿಮ್ಮ ಮೀಟರ್ ಓಮ್ಸ್‌ನಲ್ಲಿ ತೋರಿಸಲಾರದು.

ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಬೋಲ್ಟಿಗೆ: 0.3. ಅರ್ಧ ವೋಲ್ಟ್‌ವರೆಗೂ ನಡೆಯುತ್ತದೆ. ಬ್ಯಾಟರಿ ಮೈನಸ್‌ನಿಂದ ಸೆಲ್ಫಿನ ಮೈಗೆ: 1.4. ಇಲ್ಲಿ 0.2, ಹೆಚ್ಚೆಂದರೆ 0.3 ಇರಬೇಕು. ಕಳ್ಳ ಅರ್ತಿಂಗ್ ಕಡೆಯವನು, ಅಂದರೆ ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿಯಲ್ಲಿ.

ಮೈನಸ್ ದಾರಿಯನ್ನು ತುಂಡು ತುಂಡಾಗಿ ನೋಡಿದೆ. ಗುಬುಟಿನಿಂದ ಕ್ಲಾಂಪಿಗೆ 0.05. ಕ್ಲಾಂಪಿನಿಂದ ಬಾಡಿಗೆ 0.15. ಬಾಡಿಯಿಂದ ಗೇರ್‌ಬಾಕ್ಸಿಗೆ 1.2. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಹಾಗಾಗಿ ನನ್ನ ಗಾಡಿಯಲ್ಲಿ ಬಾಡಿಗೂ ಗೇರ್‌ಬಾಕ್ಸಿಗೂ ಹೆಣೆದ ತಾಮ್ರದ ಪಟ್ಟಿಯೊಂದು ಇತ್ತು. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಹೊರಗಿನಿಂದ ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿಯೇ ಕಾಣುತ್ತಿತ್ತು. ಬಗ್ಗಿಸಿದ ಕೂಡಲೇ ಲಗ್ಗಿನ (ಬೋಲ್ಟ್ ಹಾಕುವ ತುದಿಯ ಬಳೆ) ಬುಡದಲ್ಲಿ ಹಸಿರು ಪುಡಿ ಉದುರಿತು. ಎಳೆಗಳು ಒಣಹುಲ್ಲಿನ ಹಾಗೆ ಮುರಿದು ಕೈಗೆ ಬಂದವು. ಅರ್ಧಕ್ಕಿಂತ ಜಾಸ್ತಿ ಎಳೆ ಮೊದಲೇ ಕಡಿದುಹೋಗಿದ್ದವು. ಲಗ್ ಕೂತಿದ್ದ ಜಾಗದಲ್ಲಿ ತುಕ್ಕಿನ ಮೇಲೆ ಯಾರೋ ಪೇಂಟ್ ಹೊಡೆದು, ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದರು.

ಆಗ ಇನ್ನೊಂದು ವಿಷಯ ನೆನಪಾಗಿ ಮೈ ಜುಮ್ಮೆಂದಿತು. ಆ ವರ್ಷ ನಾನು ಎರಡು ಸಲ ಕ್ಲಚ್ ಕೇಬಲ್ ಬದಲಿಸಿದ್ದೆ. ಎರಡು ಸಲವೂ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿತ್ತು. ಕಳಪೆ ಮಾಲು ಅಂದುಕೊಂಡು ಸುಮ್ಮನಾಗಿದ್ದೆ. ಈಗ ಹಳೇ ಪಟ್ಟಿಯನ್ನೇ ಮತ್ತೆ ಸಿಕ್ಕಿಸಿ, ಹುಡುಗನಿಗೆ ಹೊಡೆಯಲು ಹೇಳಿ, ಕ್ಲಚ್ ಕೇಬಲ್ ಮೇಲೆ ಬೆರಳಿಟ್ಟೆ. ಐದು ಸೆಕೆಂಡಿಗೆ ಬಿಸಿ ತಾಗಿತು. ಅರ್ತಿಂಗ್ ಪಟ್ಟಿಯಲ್ಲಿ ದಾರಿ ಸಿಗದ ಕರೆಂಟು ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿಯಲ್ಲಿ ಹರಿದು ವಾಪಸ್ ಹೋಗುತ್ತಿತ್ತು! ನಿಮ್ಮ ಗಾಡಿಯಲ್ಲೂ ಸೆಲ್ಫ್ ನಿಧಾನ ಇದ್ದು, ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಪದೇ ಪದೇ ಜಾಮ್ ಆಗುತ್ತಿದ್ದರೆ ಮೊದಲು ಈ ಪಟ್ಟಿ ನೋಡಿ.

ಅಂಗಡಿಯಲ್ಲಿದ್ದ 25 ಸ್ಕ್ವೇರ್ ಎಂಎಂ ಮೆತ್ತನೆಯ ತಾಮ್ರದ ಕೇಬಲ್ ಕತ್ತರಿಸಿ, ಎರಡೂ ಕಡೆ ಲಗ್ ಕ್ರಿಂಪ್ ಮಾಡಿದೆ. ಬಾಡಿ, ಗೇರ್‌ಬಾಕ್ಸ್ ಎರಡೂ ಕಡೆ ಲೋಹ ಹೊಳೆಯುವವರೆಗೆ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ವ್ಯಾಸಲಿನ್ ಸವರಿದ್ದು ಬಿಗಿದ ಮೇಲೆ, ಮೊದಲಲ್ಲ. ಮೈನಸ್ ದಾರಿ ಪೂರ್ತಿ ಸೇರಿ 0.3ಕ್ಕಿಂತ ಕೆಳಗಿಳಿಯಿತು. ಸೆಲ್ಫಿಗೆ ಮುಟ್ಟುವುದು 10 ವೋಲ್ಟ್ ದಾಟಿತು. ಸದ್ದೇ ಬದಲಾಯಿತು. ಹುಡುಗ "ಅಣ್ಣಾ, ಹೊಸಾ ಗಾಡಿ ಆತಲ್ಲ" ಅಂದ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮಧ್ಯಾಹ್ನ ಕಾರಟಗಿವರೆಗೆ ಹೋಗಿ ಬಂದು, ಇಪ್ಪತ್ತು ನಿಮಿಷ ನಿಲ್ಲಿಸಿ ಹೊಡೆದೆ. ಮೊದಲಿನಷ್ಟು ಅಲ್ಲ, ಆದರೆ ಸ್ವಲ್ಪ ಭಾರ. ಗಾಡಿ ನಿಂತ ಮೇಲೆ ಗಾಳಿ ಆಡುವುದಿಲ್ಲ, ಎಂಜಿನ್ನಿನ ಬಿಸಿಯೆಲ್ಲ ಸೆಲ್ಫಿಗೆ ಇಳಿಯುತ್ತದೆ. ಹೀಗಾಗಿ ಬಿಸಿಯಲ್ಲಿ ಮಾತ್ರ ಕಾಣುವ ದೋಷವನ್ನು ಬಿಸಿಯಲ್ಲೇ ಅಳೆಯಬೇಕು.

ಈಗ ಆಂಪ್ಸ್ ಬೇಕಿತ್ತು. ನನ್ನ ಕ್ಲಾಂಪ್ ಮೀಟರ್ ಪಂಪ್‌ಸೆಟ್ ಕೆಲಸದ್ದು, ಎಸಿ ಮಾತ್ರ ಓದುತ್ತದೆ. ಬ್ಯಾಟರಿ ಕೇಬಲ್ಲಿಗೆ ಹಾಕಿದರೆ ಅದರ ರೀಡಿಂಗ್ ನಂಬುವ ಹಾಗಿಲ್ಲ. ಸೋಲಾರ್ ಕೆಲಸ ಮಾಡುವ ಗೆಳೆಯನ ಹತ್ತಿರ ಡಿಸಿ ಕ್ಲಾಂಪ್ ಮೀಟರ್ ತಂದೆ. ತಣ್ಣಗಿದ್ದಾಗ 120 ಆಂಪ್ಸ್. ಬಿಸಿಯಿದ್ದಾಗ 185, ಬ್ಯಾಟರಿ 9.9ಕ್ಕೆ ಇಳಿಯಿತು. ಆಂಪ್ಸ್ ಕಡಿಮೆ, ತಿರುಗುವುದೂ ನಿಧಾನ ಅಂದ್ರೆ ದಾರಿಯಲ್ಲಿ ಅಥವಾ ಬ್ರಷ್‌ನಲ್ಲಿ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ತಡೆ ಇದೆ. ಆಂಪ್ಸ್ ಜಾಸ್ತಿ, ತಿರುಗುವುದು ನಿಧಾನ ಅಂದ್ರೆ ಏನೋ ಹಿಡಿಯುತ್ತಿದೆ ಅಥವಾ ಒಳಗೆ ಶಾರ್ಟ್ ಇದೆ. ಎಂಜಿನ್ನೇ ಹಿಡಿಯುತ್ತಿದೆಯಾ ಅಂತ ಪ್ಲಗ್ ಬಿಚ್ಚಿ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ನುಣ್ಣಗೆ ತಿರುಗಿತು. ಹಾಗಾದರೆ ಸೆಲ್ಫ್.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಸೆಲ್ಫ್ ಇಳಿಸಿ ನನ್ನ ಟೇಬಲ್ ಮೇಲೆ ತಂದೆ. ಇಲ್ಲಿಂದ ಮುಂದೆ ನನ್ನ ದಿನದ ಕೆಲಸ. ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ಭಾಗ, ಹೊರಗೆ ಎಳೆದ ತಕ್ಷಣ ಉತ್ತರ ಕಂಡಿತು. ಕಪ್ಪಗಿರಬೇಕಾದ ಕಬ್ಬಿಣದ ಮೇಲೆ ನಾಲ್ಕಾಣೆ ಅಗಲದ ಗೆರೆಯೊಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಶಾಫ್ಟ್ ಕೂರುವ ಬುಷ್ ಸವೆದು, ಶಾಫ್ಟ್ ಒಂದು ಕಡೆ ಜೋತು, ಆರ್ಮೇಚರ್ ಹೊರಗಿನ ಪೋಲಿಗೆ ಉಜ್ಜುತ್ತಿತ್ತು. ಬಿಸಿಗೆ ಕಬ್ಬಿಣ ಹಿಗ್ಗಿದಾಗ ಉಳಿದ ಕೂದಲೆಳೆ ಜಾಗವೂ ಮುಚ್ಚುತ್ತದೆ. ಉಜ್ಜಾಟಕ್ಕೆ ಮೋಟರ್ ನಿಧಾನವಾಗುತ್ತದೆ, ನಿಧಾನವಾದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ.

ಆರ್ಮೇಚರನ್ನು ಗ್ರೌಲರ್ (ವೈಂಡಿಂಗ್ ಶಾರ್ಟ್ ಹುಡುಕುವ ಉಪಕರಣ) ಮೇಲೆ ಇಟ್ಟು, ಹ್ಯಾಕ್ಸಾ ಬ್ಲೇಡ್ ಹಿಡಿದು ಒಂದೊಂದೇ ಸ್ಲಾಟ್ ತಿರುಗಿಸಿದೆ. ಒಳಗೆ ಶಾರ್ಟ್ ಇದ್ದರೆ ಬ್ಲೇಡ್ ಗರಗರ ನಡುಗುತ್ತದೆ. ಎಲ್ಲೂ ನಡುಗಲಿಲ್ಲ. ವೈಂಡಿಂಗ್ ಕಂಪನಿಯದ್ದೇ, ಇನ್ನೂ ಗಟ್ಟಿ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಕಮ್ಯುಟೇಟರನ್ನು ಸಣ್ಣ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿದೆ. ಎಮರಿ ಬೇಡ, ಅದರ ಕಣ ಪಟ್ಟಿಗಳ ನಡುವೆ ಸಿಕ್ಕಿ ಕರೆಂಟು ದಾಟಿಸುತ್ತದೆ. ಪಟ್ಟಿಗಳ ನಡುವಿನ ಮೈಕಾವನ್ನು ಬ್ಲೇಡಿನ ತುಂಡಿನಿಂದ ಸ್ವಲ್ಪ ಕೆಳಗಿಳಿಸಿದೆ. ಬ್ರಷ್ ಅರ್ಧ ಸವೆದಿದ್ದವು, ಹೊಸದು ಹಾಕಿದೆ. ಬುಷ್ ಹೊಸದನ್ನು ರಾತ್ರಿಯಿಡೀ ಎಂಜಿನ್ ಆಯಿಲಿನಲ್ಲಿ ನೆನೆಹಾಕಿದೆ. ಅದು ಸಣ್ಣ ಸಣ್ಣ ರಂಧ್ರಗಳಿರುವ ಲೋಹ, ಎಣ್ಣೆ ಕುಡಿದುಕೊಂಡರೇ ಬಾಳಿಕೆ. ಸೆಲ್ಫಿನ ಮುಂದಿನ ಗೇರಿನ ಕ್ಲಚ್ ಇದೆಯಲ್ಲ, ಅದನ್ನು ಪೆಟ್ರೋಲಿನಲ್ಲಿ ಅದ್ದಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು. ಬುಷ್, ಬ್ರಷ್ ಎರಡೂ ಸೇರಿ ಖರ್ಚು ನಾನೂರು ರೂಪಾಯಿ ದಾಟಲಿಲ್ಲ.

ಮತ್ತೆ ಕಾರಟಗಿ, ಮತ್ತೆ ಅದೇ ಬಿಸಿಲು, ಮತ್ತೆ ಇಪ್ಪತ್ತು ನಿಮಿಷ. 115 ಆಂಪ್ಸ್. ಬ್ಯಾಟರಿ 10.6.

ಮೀಟರ್ ಇಲ್ಲದವರು ಒಂದು ಸುಲಭ ಪರೀಕ್ಷೆ ಮಾಡಬಹುದು. ಬ್ಯಾಟರಿಯಿಂದ ಬ್ಯಾಟರಿಗೆ ಹಾಕುವ ಜಂಪರ್ ಕೇಬಲ್ ಒಂದನ್ನು ತಗೊಳ್ಳಿ. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಪೇಂಟ್ ಇಲ್ಲದ ಗಟ್ಟಿ ಲೋಹಕ್ಕೆ. ಬೆಲ್ಟು, ಫ್ಯಾನಿನಿಂದ ಕೇಬಲ್ ದೂರ ಇರಲಿ. ಈಗ ಸೆಲ್ಫ್ ಹೊಡೆಯಿರಿ. ಒಮ್ಮೆಲೇ ಚುರುಕಾದರೆ ಬ್ಯಾಟರಿಗೂ ದುಡ್ಡು ಹಾಕಬೇಡಿ, ಸೆಲ್ಫಿಗೂ ಹಾಕಬೇಡಿ. ಅರ್ತಿಂಗ್ ಪಟ್ಟಿ ಬದಲಿಸಿ.

ನಮ್ಮ ಗಾಡಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಮಳೆಗಾಲ ಮುಗಿದ ಮೇಲೆ ಪಟ್ಟಿಯ ಎರಡು ತುದಿಗೆ ಮೀಟರ್ ಇಟ್ಟು ನೋಡಿದಾಗ 0.04 ಇತ್ತು. ಕ್ಲಚ್ ಕೇಬಲ್ ಅದೇ ಇದೆ. ಹುಡುಗ ಸೆಲ್ಫ್ ಹೊಡೆಯುವಾಗ ಒಮ್ಮೊಮ್ಮೆ ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ. ತಣ್ಣಗೇ ಇರುತ್ತದೆ.