ಹಲ್ಲಿನ ಬಣ್ಣದ ಫಿಲ್ಲಿಂಗ್ ಮಾಡಿಸಿಕೊಳ್ಳುವವರಿಗೆ

ಹುಳುಕು ಹಿಡಿದ ಹಲ್ಲನ್ನು ಕಾಂಪೋಸಿಟ್‌ನಿಂದ, ಅಂದರೆ ರಾಳ ಮತ್ತು ಗಾಜಿನ ಸೂಕ್ಷ್ಮ ಕಣಗಳು ಬೆರೆತ ಬಿಳಿ ಪದಾರ್ಥದಿಂದ, ತುಂಬಿಸಿಕೊಳ್ಳುವವರು ಬಣ್ಣಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ತುಂಬುವಾಗ ಹಲ್ಲು ಒಣಗಿರುವುದನ್ನು. ಪಾದರಸ ಬೆರೆತ ಹಳೆಯ ಬೆಳ್ಳಿ ಫಿಲ್ಲಿಂಗ್ ಅಲ್ಪಸ್ವಲ್ಪ ತೇವವನ್ನು ಸಹಿಸಿಕೊಳ್ಳುತ್ತಿತ್ತು. ಕಾಂಪೋಸಿಟ್‌ಗೆ ಆ ಸಹನೆ ಇಲ್ಲ. ಅಂಟಿಸುವ ಹೊತ್ತಿನಲ್ಲಿ ಜೊಲ್ಲು ಅಥವಾ ಒಸಡಿನ ರಕ್ತ ತಗುಲಿದರೆ ಹಿಡಿತ ಸಡಿಲವಾಗಿ, ಅಂಚಿನಲ್ಲಿ ಮತ್ತೆ ಹುಳುಕು ಹುಟ್ಟುತ್ತದೆ.

ಮೊದಲು ನಿಮ್ಮ ನೋವಿನ ಸ್ವಭಾವವನ್ನು ಗುರುತಿಸಿಕೊಳ್ಳಿರಿ. ಸಿಹಿ ಅಥವಾ ತಣ್ಣೀರು ತಾಗಿದಾಗ ಜುಂ ಎಂದು ಕ್ಷಣದಲ್ಲೇ ಶಮನವಾಗುವುದಾದರೆ ಫಿಲ್ಲಿಂಗ್ ಸಾಕಾಗುವ ಸಾಧ್ಯತೆ ಹೆಚ್ಚು. ರಾತ್ರಿ ತಾನಾಗಿಯೇ ಮಿಡಿಯುವ, ಬಿಸಿ ಕಾಫಿ ಕುಡಿದ ಮೇಲೆ ಬಹಳ ಹೊತ್ತು ಉಳಿಯುವ ನೋವಾದರೆ ಹುಳುಕು ಒಳಗಿನ ನರದವರೆಗೆ ಹೋಗಿರಬಹುದು. ಆಗ ರೂಟ್ ಕೆನಾಲ್, ಅಂದರೆ ಒಳಗಿನ ನರವನ್ನು ತೆಗೆದು ಬೇರಿನ ನಾಳವನ್ನು ತುಂಬುವ ಚಿಕಿತ್ಸೆ, ಬೇಕಾಗುತ್ತದೆ, ಮೇಲೆ ಮೇಲೆ ತುಂಬಿಸಿದರೆ ಪ್ರಯೋಜನವಿಲ್ಲ. ಎಕ್ಸ್‌ರೇ ತೆಗೆಯುವುದು ಇದಕ್ಕಾಗಿಯೇ, ಆದ್ದರಿಂದ ಅದನ್ನು ದಂಡದ ಖರ್ಚೆಂದು ಭಾವಿಸಬೇಡಿರಿ.

ಗರ್ಭಿಣಿಯಾಗಿದ್ದರೆ, ಹೃದಯದ ತೊಂದರೆ ಅಥವಾ ಮದ್ದಿನ ಅಲರ್ಜಿ ಇದ್ದರೆ ಮುಂಚಿತವಾಗಿ ವೈದ್ಯರಿಗೆ ತಿಳಿಸಿರಿ. ಮರಗಟ್ಟಿಸುವ ಚುಚ್ಚುಮದ್ದು ಕೊಡುವುದರಿಂದ ಸಾಮಾನ್ಯವಾಗಿ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗುವುದೇ ಮೇಲು. ಹಲ್ಲನ್ನು ಬ್ಲೀಚ್ ಮಾಡಿಸಿಕೊಳ್ಳುವ ಆಸೆಯಿದ್ದವರು ಅದನ್ನು ಮೊದಲು ಮುಗಿಸಿ, ಸುಮಾರು 2 ವಾರ ಬಿಟ್ಟು ಫಿಲ್ಲಿಂಗ್‌ಗೆ ಬರಬೇಕು. ಬ್ಲೀಚ್ ಆದ ಕೂಡಲೇ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಫಿಲ್ಲಿಂಗ್ ಆದ ಮೇಲೆ ಬ್ಲೀಚ್ ಮಾಡಿದರೆ ಹಲ್ಲು ಬಿಳುಪಾದರೂ ಫಿಲ್ಲಿಂಗ್ ಹಾಗೆಯೇ ಉಳಿಯುತ್ತದೆ.

ಬಣ್ಣವನ್ನು ಕೆಲಸದ ಆರಂಭದಲ್ಲಿಯೇ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ, ಆರಿಸಬೇಕು. ಏಕೆಂದರೆ ಕೆಲಸದ ನಡುವೆ ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಮೇಲೆ ಹುಳುಕನ್ನು ಕೊರೆದು ತೆಗೆದು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ, ಇಲ್ಲವೇ ಹತ್ತಿಯ ಸುರುಳಿ ಇಟ್ಟು ಜೊಲ್ಲನ್ನು ಎಳೆಯುತ್ತಾರೆ. ಹಿಂದಿನ ದವಡೆ ಹಲ್ಲಾದರೆ ರಬ್ಬರ್ ಹಾಳೆಯನ್ನು ಬಳಸುವಿರಾ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಮುಂದಿನ ಹಂತ ಆಮ್ಲ ಲೇಪನ. ಫಾಸ್ಫಾರಿಕ್ ಆಮ್ಲದಿಂದ ಎನಾಮಲ್ಲಿನ, ಅಂದರೆ ಹಲ್ಲಿನ ಗಟ್ಟಿ ಹೊರಪದರದ, ಮೇಲ್ಮೈಯನ್ನು ತರಿತರಿಯಾಗಿಸಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು 1955ರಲ್ಲಿ ದಂತವೈದ್ಯ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟರು. ಇಂದು ಸಾಮಾನ್ಯವಾಗಿ ಶೇಕಡಾ 37ರಷ್ಟು ಸಾಂದ್ರತೆಯ ಜೆಲ್ಲನ್ನು 15 ಸೆಕೆಂಡಿನಷ್ಟು ಇಟ್ಟು, ತೊಳೆದು, ಅಂಟುದ್ರವ ಹಚ್ಚುತ್ತಾರೆ.

ಕಾಂಪೋಸಿಟ್ಟನ್ನು ಸಾಮಾನ್ಯವಾಗಿ 2 ಮಿಲಿಮೀಟರಿನಷ್ಟು ದಪ್ಪದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸುತ್ತಾರೆ. ಅದು ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ, ಬೆಳಕೂ ಬಹಳ ಆಳಕ್ಕೆ ಇಳಿಯುವುದಿಲ್ಲ. ಆದಕಾರಣ ಈ ನಿಧಾನವನ್ನು ಸಹಿಸಿಕೊಳ್ಳಿರಿ, ಬಾಯಿ ಮುಚ್ಚಬೇಡಿರಿ, ಆ ಬೆಳಕನ್ನು ನೇರವಾಗಿ ನೋಡಬೇಡಿರಿ. (ಪದರಪದರವಾಗಿ ಹಾಕುವ ಬದಲು ಒಂದೇ ಸಲ ದಪ್ಪವಾಗಿ ತುಂಬುವ ಬಗೆಯ ಪದಾರ್ಥಗಳೂ ಈಗ ಇವೆ.)

ಕೊನೆಗೆ ಬಣ್ಣದ ಕಾಗದವನ್ನು ಕಚ್ಚಿಸಿ ಫಿಲ್ಲಿಂಗಿನ ಎತ್ತರ ನೋಡುತ್ತಾರೆ. ತುಟಿ ಮರಗಟ್ಟಿರುವಾಗ ಅದು ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ಮದ್ದಿನ ಪರಿಣಾಮ ಇಳಿದ ಮೇಲೆ ಆ ಹಲ್ಲೇ ಮೊದಲು ತಾಗುತ್ತಿದೆ ಎನ್ನಿಸಿದರೆ ತಾನಾಗಿ ಸರಿಹೋದೀತೆಂದು ಕಾಯದೆ ಮರಳಿ ಹೋಗಿ ತೀಡಿಸಿಕೊಳ್ಳಿರಿ. ಫಿಲ್ಲಿಂಗ್ ಆಗಲೇ ಗಟ್ಟಿಯಾಗಿರುತ್ತದೆ; ಊಟ ಮಾಡಲು ಕಾಯಬೇಕಾದದ್ದು ಕೆನ್ನೆ, ನಾಲಿಗೆ ಕಚ್ಚಿಕೊಳ್ಳದಿರಲೆಂದು ಮಾತ್ರ. ತಣ್ಣನೆಯದಕ್ಕೆ ಒಂದೆರಡು ವಾರ ಜುಂ ಎನ್ನುವುದು ಸಹಜ, ದಿನದಿನಕ್ಕೆ ಹೆಚ್ಚುವುದು ಸಹಜವಲ್ಲ. ಕಾಫಿ, ಚಹಾ, ಎಲೆಯಡಿಕೆ, ತಂಬಾಕುಗಳಿಂದ ಕಲೆ ಕೂರುತ್ತದೆ. ಗಟ್ಟಿ ಅಡಿಕೆ ಅಗಿಯುವವರ ಫಿಲ್ಲಿಂಗ್ ಬೇಗನೆ ಸವೆಯುತ್ತದೆ.

ಒಸಡಿನ ಕೆಳಗೆ ಇಳಿದ, ಒಣಗಿಸಲಾಗದ ಕುಳಿಗಳಿಗೆ ವೈದ್ಯರು ಗ್ಲಾಸ್ ಅಯನೋಮರ್ ಎಂಬ ಇನ್ನೊಂದು ಬಗೆಯ ತುಂಬುವ ಪದಾರ್ಥವನ್ನು ಸೂಚಿಸಿದರೆ ಅದು ಕಡಿಮೆ ದರ್ಜೆಯದೆಂದು ತಳ್ಳಿಹಾಕಬೇಡಿರಿ. ಅದು ಹಲ್ಲಿಗೆ ರಾಸಾಯನಿಕವಾಗಿ ಅಂಟಿಕೊಂಡು, ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡನ್ನೂ ಬಿಡುತ್ತದೆ. ಹಾಗೆಯೇ ತೊಂದರೆ ಕೊಡದ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಬಣ್ಣದ ಆಸೆಗಾಗಿ ತೆಗೆಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಏಕೆಂದರೆ ಅದರೊಂದಿಗೆ ಒಳ್ಳೆಯ ಹಲ್ಲೂ ಒಂದಿಷ್ಟು ಕೊರೆದುಹೋಗುತ್ತದೆ.