ಹೊಸಬರಿಗೆ ಮಾರ್ಗದರ್ಶಿ: ಮಕ್ಕಳ ಜೀವನಾಂಶದ ಬಾಕಿ ಬೆಳೆಯದಿರಲಿ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಬಳ್ಳಾರಿಯ ಜೀನ್ಸ್ ಘಟಕ ಅಂತ ಕೆಲಸಕ್ಕೆ ಬರುವವರಲ್ಲಿ ಗಂಡ ಹೆಂಡತಿ ಬೇರೆಯಾದವರೂ ಇರುತ್ತಾರೆ. ಬಾಡಿಗೆ ಮನೆ, ಶಾಲೆ, ಗ್ಯಾಸ್ ಬಗ್ಗೆ ಎಲ್ಲರೂ ನಮ್ಮ ಸಂಘದಲ್ಲಿ ವಿಚಾರಿಸುತ್ತಾರೆ. ಜೀವನಾಂಶದ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಬರುವ ಹೊತ್ತಿಗೆ ಬಾಕಿ ಬೆಳೆದಿರುತ್ತದೆ.

ಮೊದಲು ಸಮನ್ಸ್ ವಿಷಯ. ತಾಯಿ ತಾನಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ನೀವು ಬಳ್ಳಾರಿಯಲ್ಲಿದ್ದರೂ ಕೇಸು ಹಾವೇರಿಯಲ್ಲೋ ತುಮಕೂರಿನಲ್ಲೋ ನಡೆಯಬಹುದು. ದೂರ ಅಂತ ವಾಯಿದೆ ತಪ್ಪಿಸಬೇಡಿ. ನೀವು ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗುತ್ತದೆ. ನಿಮ್ಮ ಪಗಾರ ಎಷ್ಟು, ಅದರಲ್ಲಿ ಕೈಗೆ ಬರುವುದೆಷ್ಟು ಅಂತ ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಅಂಥ ಆದೇಶ ರದ್ದು ಮಾಡಿ ಎಂದು ಕೇಳಲು 3 ತಿಂಗಳಷ್ಟೇ ಸಮಯ, ಅದಕ್ಕೂ ತಕ್ಕ ಕಾರಣ ತೋರಿಸಬೇಕು.

ಸಾಲ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. ಕೇಸು 14 ತಿಂಗಳು ನಡೆದು, ತಿಂಗಳಿಗೆ 6,000 ರೂಪಾಯಿ ಅಂತ ಆದೇಶವಾಯಿತು ಅನ್ನಿ. ಆದೇಶ ಕೈಗೆ ಬಂದ ದಿನವೇ 84,000 ಬಾಕಿ! ಅದನ್ನು ತೀರಿಸಲು ಕೈಗಡಕ್ಕೆ, ಮೀಟರ್ ಬಡ್ಡಿಗೆ ಓಡಿದರೆ ಸಂಸಾರ ಮೇಲೇಳುವುದು ಕಷ್ಟ. ಹಾಗಾಗಿ ಆದೇಶಕ್ಕೆ ಕಾಯಬೇಡಿ. ಸಮನ್ಸ್ ಬಂದ ತಿಂಗಳಿಂದಲೇ ಕೈಲಾದಷ್ಟು ಕೊಡುತ್ತಾ ಬನ್ನಿ, ಕೊಟ್ಟಿದ್ದನ್ನು ವಕೀಲರ ಮೂಲಕ ಕೋರ್ಟಿನ ಗಮನಕ್ಕೆ ತನ್ನಿ.

ಕೊಡುವುದು ಬ್ಯಾಂಕ್ ಖಾತೆಗೇ ಇರಲಿ. ಹಬ್ಬಕ್ಕೆ ಕೊಡಿಸಿದ ಬಟ್ಟೆ, ಭಾವಮೈದುನನ ಕೈಲಿ ಕಳಿಸಿದ ನಗದು ನಿಜವಾದರೂ ನಾಳೆ ತೋರಿಸಲು ಏನೂ ಉಳಿಯುವುದಿಲ್ಲ. ಫೋನ್‌ಪೇ ಮಾಡಿದರೆ ‘ಜೂನ್ ತಿಂಗಳ ಜೀವನಾಂಶ’ ಅಂತ ಬರೆದು ಕಳಿಸಿ. ಫೋನ್ ಕೆಟ್ಟರೆ ಸ್ಕ್ರೀನ್‌ಶಾಟೂ ಹೋಗುತ್ತದೆ, ಅದಕ್ಕೇ ಪಾಸ್‌ಬುಕ್‌ನಲ್ಲಿ ಎಂಟ್ರಿ ಹಾಕಿಸಿ ಇಟ್ಟುಕೊಳ್ಳಿ. ಪಗಾರ ಆದ ದಿನವೇ ಕಳಿಸಿಬಿಡಿ. ಬೈಕಿನ ಕಂತು, ಮೈಕ್ರೋಫೈನಾನ್ಸ್ ಕಂತು ಆಮೇಲೆ. ಮಗುವಿನ ಫೀಸು, ಔಷಧಿ ನಡೆಯುವುದು ಇದೇ ದುಡ್ಡಿನಲ್ಲಿ ಅಲ್ವಾ?

ಗುತ್ತಿಗೆದಾರ ಪಗಾರ ತಡ ಮಾಡುತ್ತಾನೆ, ಕೆಲಸ ಹೋಗುತ್ತದೆ, ಕಾಲುವೆಗೆ ನೀರು ಬಿಡದೆ ಎರಡನೇ ಬೆಳೆ ಕೈತಪ್ಪುತ್ತದೆ. ಇವೆಲ್ಲ ಈ ಕಡೆ ಆಗುವಂಥವೇ. ಆಗ ಸುಮ್ನೆ ನಿಲ್ಲಿಸಿಬಿಡಬೇಡಿ. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 127ನೇ ಕಲಂ ಇತ್ತು, ಈಗ ಅದರ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಇದೆ. ಅದರಡಿ ಮೊತ್ತ ಇಳಿಸಿಕೊಡಿ ಎಂದು ಕೋರ್ಟನ್ನು ಕೇಳಬಹುದು. ಕೋರ್ಟ್ ಇಳಿಸುವ ತನಕ ಹಳೆಯ ಮೊತ್ತವೇ ಏರುತ್ತಿರುತ್ತದೆ, ಅದಕ್ಕೇ ಆ ತಿಂಗಳೇ ಅರ್ಜಿ ಹಾಕಿ. ಮಗುವನ್ನು ನೋಡಲು ಬಿಡುತ್ತಿಲ್ಲ ಅನ್ನುವುದೂ ದುಡ್ಡು ನಿಲ್ಲಿಸಲು ಕಾರಣ ಆಗುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಇದೆ.

‘ಒಂದು ತಿಂಗಳು ಒಳಗಿದ್ದು ಬಂದರೆ ಲೆಕ್ಕ ಚುಕ್ತಾ’ ಅಂತ ಗೆಳೆಯರು ಹೇಳಿದರೆ ನಂಬಬೇಡಿ. ಜೈಲು ವಸೂಲಿಯ ಒಂದು ದಾರಿ ಅಷ್ಟೇ. ಹೊರಗೆ ಬಂದ ಮೇಲೂ ಬಾಕಿ ಹಾಗೇ ಇರುತ್ತದೆ.

ತಾಯಂದಿರೇ, ನಿಮಗೂ ಒಂದು ಮಾತು. ಬಾಕಿಗೆ ವಾರಂಟ್ ಕೇಳುವ ಅರ್ಜಿಯನ್ನು, ಆ ಹಣ ಬರಬೇಕಾಗಿದ್ದ ದಿನದಿಂದ 1 ವರ್ಷದೊಳಗೆ ಹಾಕಬೇಕು. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಅಂತ ಕಾಯುತ್ತಾ ಆ ಗಡುವು ದಾಟಿಸಬೇಡಿ.

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಉಳಿದವರಲ್ಲಿ ಆದಾಯ ಕಡಿಮೆ ಇರುವವರಿಗೂ ಉಂಟು. ಸಹಾಯವಾಣಿ 15100. ಹೋಗುವಾಗ ಆದೇಶದ ಪ್ರತಿ, ಪಾಸ್‌ಬುಕ್, ಪಗಾರದ ಚೀಟಿ ಜೊತೆಗಿರಲಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಹಿಂದಿನ ದಿನ ಸಂಘಕ್ಕೆ ತಿಳಿಸಿ, ಯಾರಾದರೂ ಜೊತೆಗೆ ಬರುತ್ತೇವೆ.